ಶನಿವಾರ ಸಂಜೆಯ ಖಗೋಳ ತರಗತಿ, ಕಲಬುರಗಿ: ಖಂಡಿತ ಹೋಗಿ

ಜಗತ್ ವೃತ್ತದ ಹತ್ತಿರ ಒಂದು ಮಹಡಿ ಮೇಲೆ ನಡೆಯುವ ಈ ತರಗತಿಗೆ ಪಿಯುಸಿ ಓದುವ ಮಗಳ ಜೊತೆ ನಾನೂ ಸೇರಿದೆ. ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಹಾಗಾಗಿ ಗೆಲಾಕ್ಸಿ ಗುಂಪುಗಳ ಕಾಂತಕ್ಷೇತ್ರದ ಪಾಠವೇ ತುಂಬಾ ಹಿಡಿಸಿತು.

ಸರ್ ಸುಮ್ನೆ ಅಂಕಿ ಹೇಳಿ ಮುಗಿಸಲಿಲ್ಲ. ಆ ಅಂಕಿಯನ್ನು ಎಷ್ಟು ನಂಬಬಹುದು ಅಂತ ಬಿಡಿಸಿ ಹೇಳಿದರು. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ). ಗೆಲಾಕ್ಸಿ ಗುಂಪಿನಲ್ಲಿ ಕೆಲವೇ ಮೈಕ್ರೋಗಾಸ್ (ಗಾಸ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೋಗಾಸ್). ಮೀಟರ್ ಒಯ್ದು ಅಳೆಯಲು ಆಗುವುದಿಲ್ಲ, ಅಲ್ವಾ? ಗುಂಪಿನ ಹಿಂದಿನಿಂದ ಬರುವ ರೇಡಿಯೋ ಅಲೆಯ ಧ್ರುವೀಕರಣ, ಅಂದರೆ ಅಲೆ ಅಲುಗಾಡುವ ದಿಕ್ಕು, ಎಷ್ಟು ತಿರುಗಿದೆ ಅಂತ ಬೇರೆ ಬೇರೆ ತರಂಗಾಂತರಗಳಲ್ಲಿ ನೋಡುತ್ತಾರೆ. ಇದಕ್ಕೆ ಫ್ಯಾರಡೆ ತಿರುವು ಅನ್ನುತ್ತಾರೆ.

ತೊಡಕು ಇಲ್ಲೇ ಇದೆ. ಆ ತಿರುವಿನಲ್ಲಿ, ಅಲೆ ಹಾದು ಬರುವ ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳ ಸಾಂದ್ರತೆ ಮತ್ತು ಕ್ಷೇತ್ರ ಎರಡೂ ಗುಣಿಸಿಕೊಂಡು ಬರುತ್ತವೆ. ಸಾಂದ್ರತೆಯನ್ನು ಎಕ್ಸ್-ರೇ ಚಿತ್ರದಿಂದ ಬೇರೆಯಾಗಿ ತೆಗೆಯಬೇಕು. ದಾರಿಯಲ್ಲಿ ಕ್ಷೇತ್ರದ ದಿಕ್ಕು ಅತ್ತಿತ್ತ ಬದಲಾದರೆ ತಿರುವುಗಳು ಒಂದನ್ನೊಂದು ಅಳಿಸುತ್ತವೆ. ನಮ್ಮ ಕ್ಷೀರಪಥವೂ ತನ್ನ ಪಾಲು ಸೇರಿಸುತ್ತದೆ. ಕೋಮಾ ಅನ್ನುವ ಗೆಲಾಕ್ಸಿ ಗುಂಪಿನ ನಡುವೆ ಸುಮಾರು 4.7 ಮೈಕ್ರೋಗಾಸ್ ಅಂತ 2010ರಲ್ಲಿ ಲೆಕ್ಕ ಹಾಕಿದ್ದಾರೆ. ಅದಕ್ಕೆ ಬಳಸಿದ್ದು 7 ರೇಡಿಯೋ ಮೂಲಗಳನ್ನು ಮಾತ್ರ. ಕ್ಷೇತ್ರ ಹೇಗೆ ಹರಡಿದೆ ಅನ್ನುವ ಮಾದರಿಯನ್ನು ಮೊದಲೇ ಒಪ್ಪಿಕೊಂಡಿರಬೇಕು. ಇದನ್ನು ಇಷ್ಟು ನೇರವಾಗಿ ಹೇಳಿದ್ದಕ್ಕೇ ನನಗೆ ಈ ತರಗತಿ ಮೇಲೆ ಗೌರವ ಬಂತು.

ಕೋಣೆ ಚಿಕ್ಕದು, ಬೇಸಿಗೆಯಲ್ಲಿ ಸೆಕೆ ಜಾಸ್ತಿ. ಕನ್ನಡದಲ್ಲಿ ನೋಟ್ಸ್ ಕೊಟ್ಟರೆ ಹಳ್ಳಿ ಮಕ್ಕಳಿಗೂ ಅನುಕೂಲ. ಶುಲ್ಕ ಕೈಗೆಟಕುವಂತಿದೆ. ಮುಂದಿನ ಪಾಠ ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಬಗ್ಗೆ. ಬೇಗ ಹೋದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ.