ಹಳೇ 60, ಹಳೇ 80, ಹೊಸ ಇಡಿ: ಮೂರು ದೂರದರ್ಶಕಗಳಲ್ಲಿ ಯಾವೆರಡು ಉಳಿಯಬೇಕು?

ನನ್ನ ಹತ್ತಿರ ಈಗ ಮೂರು ರಿಫ್ರ್ಯಾಕ್ಟರ್, ಅಂದರೆ ಮುಂದೆ ಲೆನ್ಸು ಇರುವ ದೂರದರ್ಶಕ, ಇವೆ, ಇಡೋಕೆ ಜಾಗ ಎರಡಕ್ಕೆ ಮಾತ್ರ. ಎರಡು ಹಳೇ ಜಪಾನಿ ಉದ್ದ ಕೊಳವೆಗಳು: 60 ಮಿ.ಮೀ. ಲೆನ್ಸಿಗೆ 900 ಮಿ.ಮೀ. ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಇರುವುದೊಂದು, 80ಕ್ಕೆ 1200 ಇರುವುದೊಂದು. ಎರಡೂ ಎಫ್/15, ಅಂದರೆ ಫೋಕಲ್ ಲೆಂತ್ ಲೆನ್ಸಿನ ಅಗಲದ 15 ಪಟ್ಟು. ಮೂರನೆಯದು ಹೊಸದು, 80 ಮಿ.ಮೀ. ಇಡಿ ಗಾಜು (ಬಣ್ಣ ಚದುರುವುದನ್ನು ತಗ್ಗಿಸುವ ಗಾಜು), ಎಫ್/7.5.

ಮೊದಲು ರಿಪೇರಿ. 80ರದ್ದು ಸುಲಭ. ಫೋಕಸ್ ಹೊಂದಿಸುವ ಭಾಗದ, ಅಂದರೆ ಫೋಕಸರ್ ಒಳಗಿನ ಗ್ರೀಸ್ ಅಂಟುಗಟ್ಟಿತ್ತು, ಒರೆಸಿ ಹೊಸದು ಹಚ್ಚಿದ್ದೇ ತಡ, ಬೆಣ್ಣೆಯ ಹಾಗೆ ಓಡಿತು. 60 ಮಾತ್ರ ಸತಾಯಿಸಿತು. ಲೆನ್ಸಿನ ಎರಡು ಗಾಜುಗಳ ನಡುವೆ ಬೂಷ್ಟು, ಬಿಚ್ಚದೆ ವಿಧಿ ಇಲ್ಲ. ಬಿಚ್ಚುವ ಮುಂಚೆ ಎರಡರ ಅಂಚಿಗೂ ಸೇರಿಸಿ ಪೆನ್ಸಿಲಿನಿಂದ ಓರೆ ಗೆರೆ ಎಳೆಯಿರಿ, ಇಲ್ಲದಿದ್ದರೆ ಯಾವುದು ಎಷ್ಟು ತಿರುಗಿತ್ತು ಅಂತ ಆಮೇಲೆ ದೇವರೇ ಹೇಳಬೇಕು. ನಡುವೆ 120 ಡಿಗ್ರಿಗೊಂದರಂತೆ ಮೂರು ತೆಳು ತಗಡಿನ ಚೂರುಗಳು ಇರುತ್ತವೆ. ಒಂದನ್ನು ಹುಡುಕುತ್ತಾ ನಾನು ಅರ್ಧ ಗಂಟೆ ಮೇಜಿನ ಕೆಳಗಿದ್ದೆ. ಎಲ್ಲ ಜೋಡಿಸಿ ನೋಡಿದರೆ ನಕ್ಷತ್ರ ಮುಮ್ಮೂಲೆ! ಬೂಷ್ಟು ತೆಗೆಯೋಕೆ ಹೋಗಿ ಲೆನ್ಸೇ ಕೆಡಿಸಿದೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಆಗಿದ್ದು ಇಷ್ಟೇ, ಲೆನ್ಸು ಹಿಡಿಯುವ ಉಂಗುರವನ್ನು ಜಾಸ್ತಿ ಬಿಗಿ ಮಾಡಿದ್ದೆ. ಚೂರು ಸಡಿಲಿಸಿದೆ, ನಕ್ಷತ್ರ ಗುಂಡಗಾಯಿತು.

ಹಳೇ ಪೆಟ್ಟಿಗೆಯಲ್ಲಿ ಐಪೀಸಿಗೆ (ಕಣ್ಣಿಡುವ ತುದಿಯ ಸಣ್ಣ ಲೆನ್ಸಿಗೆ) ತಿರುಗಿಸಿ ಹಾಕುವ ಕಪ್ಪು ಸೂರ್ಯನ ಫಿಲ್ಟರ್ ಸಿಕ್ಕರೆ ಕಸಕ್ಕೆ ಹಾಕಿ. ಬಿಸಿಗೆ ಅದು ಒಡೆದರೆ ಕಣ್ಣು ಹೋಯಿತು.

ಈಗ ಆಕಾಶ. ಗುರು ಗ್ರಹವನ್ನು 120 ಪಟ್ಟು ದೊಡ್ಡದಾಗಿಸಿ ನೋಡಿದಾಗ ಇಡಿಯಲ್ಲಿ ಅಂಚು ಶುದ್ಧ ಬಿಳಿ, ಹಳೇ 80ರಲ್ಲಿ ತೆಳು ನೇರಳೆ. ಗ್ರಹದ ಮೈಮೇಲಿನ ಪಟ್ಟೆಗಳಲ್ಲಿ ಮಾತ್ರ ನನಗೆ ವ್ಯತ್ಯಾಸ ಕಾಣಲಿಲ್ಲ, ಎಷ್ಟು ಸಲ ಅದಲುಬದಲು ಮಾಡಿದರೂ. ಬೇರೆತನ ಇರುವುದು ಕಣ್ಣಿಡುವ ತುದಿಯಲ್ಲಿ. ಅಷ್ಟು ಪಟ್ಟು ದೊಡ್ಡದಾಗಿಸಲು ಇಡಿಗೆ 5 ಮಿ.ಮೀ. ಐಪೀಸ್ ಬೇಕು, ನನ್ನದಕ್ಕೆ ಕಣ್ಣುರೆಪ್ಪೆ ತಾಗುತ್ತದೆ. ಹಳೆಯದಕ್ಕೆ ಸಾಧಾರಣ 10 ಸಾಕು, ಹಾಯಾಗಿ ನೋಡಬಹುದು. ಫೋಕಸ್ ಸರಿ ಕೂರುವ ಅಂತರ ಎಫ್ ಸಂಖ್ಯೆಯ ವರ್ಗದಂತೆ ಹೆಚ್ಚುತ್ತದೆ, ಹಾಗಾಗಿ ಎಫ್/15ರಲ್ಲಿ ಅದು ನಾಲ್ಕು ಪಟ್ಟು ಸಿಗುತ್ತದೆ. ಇಡಿಯಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತಲೇ ಇರಬೇಕು, ಇಲ್ಲಿ ಒಮ್ಮೆ ಕೂತರೆ ಕೂತಿತು.

60ನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದು ಅಭಿಜಿತ್ ಪಕ್ಕದ ಎಪ್ಸಿಲಾನ್ ಲೈರೇ ಅನ್ನುವ ನಕ್ಷತ್ರದ ಎರಡೂ ಜೋಡಿಗಳನ್ನು, ಪ್ರತಿ ಜೋಡಿಯ ನಡುವೆ ಎರಡೂಕಾಲು ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಆಸುಪಾಸು ಅಂತರ ಅಷ್ಟೇ, ಗಾಳಿ ಶಾಂತವಾಗಿದ್ದ ರಾತ್ರಿ ಬಿಡಿಸಿ ತೋರಿಸಿತು. ಧ್ರುವ ನಕ್ಷತ್ರದ ಮಂಕು ಜೊತೆಗಾರನೂ ಕಂಡಿತು. ಬೆಳಕು 80ರ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ, ಆದರೆ ನೇರಳೆ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು.

ಕೃತ್ತಿಕೆಗೆ ಇಡಿಯೇ ಸರಿ. 25 ಮಿ.ಮೀ. ಐಪೀಸಿನಲ್ಲಿ ಗುಂಪು ಪೂರ್ತಿ ಕಾಣುತ್ತದೆ, ಹಳೇ 80ರಲ್ಲಿ ತುಂಡು ತುಂಡು.

ಕೊನೆಗೆ ತೀರ್ಮಾನ ಮಾಡಿದ್ದು ಲೆನ್ಸಲ್ಲ, ಸ್ಟ್ಯಾಂಡು. ಹಳೇ 80ರ ಒಂದೂಕಾಲು ಮೀಟರ್ ಕೊಳವೆ ಸಣ್ಣ ಗಾಳಿಗೂ ನಡುಗುತ್ತದೆ, ನೆತ್ತಿಯ ನಕ್ಷತ್ರಕ್ಕೆ ನೆಲದ ಮೇಲೆ ಕೂರಿಸುತ್ತದೆ. 60 ತನ್ನ ಮರದ ಕಾಲಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಒಂದೇ ಸಲಕ್ಕೆ ಎತ್ತಿಕೊಂಡು ಹೋಗಬಹುದು. ಹಾಗಾಗಿ 60 ಮತ್ತು ಇಡಿ ಉಳಿಯುತ್ತವೆ, ಮಾರುವುದು 80ನ್ನು. ಇನ್ನೂ ಮಾರಿಲ್ಲ. ಅದರ ಫೋಕಸರ್ ಗುಂಡಿಯನ್ನು ಹೋಗ್ತಾ ಬರ್ತಾ ಸುಮ್ನೆ ಒಂದು ಸಲ ತಿರುಗಿಸುತ್ತೇನೆ.