ಅಪ್ಪನ ಯೆಜ್ಡಿ ಟ್ಯಾಂಕ್‌ಗೆ ನಾನು ಆಸಿಡ್ ಹಾಕಿದೆ, ನೀವು ಹಾಕಬೇಡಿ

ಬಾತ್‌ರೂಮ್ ತೊಳೆಯುವ ಆಸಿಡ್, ಎರಡು ಬಾಟಲಿ, 80 ರೂಪಾಯಿ. ಅದು ಮಾಡಿದ ಹಾಳು ಸರಿಮಾಡಲು ಖರ್ಚಾಗಿದ್ದು 11 ಸಾವಿರ ಚಿಲ್ಲರೆ. ಹಳೇ ಬೈಕ್ ಇಟ್ಟುಕೊಂಡವರು, ಟ್ಯಾಂಕ್ ಒಳಗಿನ ತುಕ್ಕಿಗೆ ಆಸಿಡ್ ಹಾಕಿದರೆ ಸಾಕು ಅಂತ ಯಾರ ಬಾಯಲ್ಲಾದರೂ ಕೇಳಿದ್ದರೆ, ಮೊದಲು ಇದನ್ನು ಓದಿ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಅಪ್ಪನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ. ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಂದರೆ ಅಲ್ಲಿಂದ ಬಂದ ಕೊನೆಯ ಗಾಡಿಗೂ ಈಗ ಸುಮಾರು 30 ವರ್ಷ. ನಮ್ಮದು ಅದಕ್ಕಿಂತ ಹಳೆಯದು. ಅಪ್ಪನ ಕಣ್ಣಿನ ಆಪರೇಷನ್ ಆದಮೇಲೆ ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಟ್ಯಾಂಕ್‌ನಲ್ಲಿ ಅರ್ಧ ಪೆಟ್ರೋಲ್ ಹಾಗೇ ಬಿಟ್ಟಿದ್ದೆವು. ಎಲ್ಲ ಶುರುವಾಗಿದ್ದು ಅಲ್ಲಿಂದ. ಅರ್ಧ ಖಾಲಿ ಟ್ಯಾಂಕ್ ಒಳಗಿನ ಗಾಳಿಯಲ್ಲಿ ತೇವ ಇರುತ್ತದೆ, ರಾತ್ರಿ ಥಂಡಿಗೆ ಅದು ತಗಡಿನ ಮೇಲೆ ಹನಿಯಾಗಿ ಕೂರುತ್ತದೆ. ನೀರು ಪೆಟ್ರೋಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆ ಬೆರೆಸಿರುತ್ತಾರೆ. ಅದಕ್ಕೆ ತೇವ ಕಂಡರೆ ಎಲ್ಲಿಲ್ಲದ ಪ್ರೀತಿ. ನೀರು ಜಾಸ್ತಿಯಾದರೆ ಅದರ ಜೊತೆ ಸೇರಿಕೊಂಡು ತಳದಲ್ಲಿ ಬೇರೆಯಾಗಿ ನಿಂತುಬಿಡುತ್ತದೆ. ತಳದಲ್ಲಿ ಏನಿರುತ್ತದೆ? ಎರಡು ತಗಡು ಸೇರುವ ಬೆಸುಗೆ. ಟ್ಯಾಂಕ್‌ನ ಮರ್ಮ ಇರುವುದೇ ಅಲ್ಲಿ.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ತಲೆಯಲ್ಲಿದ್ದಿದ್ದು ಒಂದೇ: ಆಯುಧಪೂಜೆಗೆ ಹತ್ತು ದಿನ ಇದೆ, ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಬೇಕು. ಮೊಬೈಲ್‌ನಲ್ಲಿ ನಾಲ್ಕು ವಿಡಿಯೋ ನೋಡಿದೆ. ಟ್ಯಾಂಕ್ ಬಿಚ್ಚಿದೆ, ಹಳೇ ಪೆಟ್ರೋಲ್ ಬಗ್ಗಿಸಿದೆ, ಎರಡು ಬಾಟಲಿ ಆಸಿಡ್ ಸುರಿದೆ, ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಕುಲುಕಿದೆ, ಮುಚ್ಚಳ ಹಾಕಿ ಮಲಗಿದೆ.

ಹಿತ್ತಲಲ್ಲಿ ಅಮ್ಮ ದೀಪದ ಕಂಬಕ್ಕೆ ಹುಣಸೆಹಣ್ಣು ಉಜ್ಜುತ್ತಾ ಕೂತಿದ್ದರು. "ನಮ್ಮೂರಲ್ಲಿ ಹುಣಸೆಹಣ್ಣಿಗೆ ಬರ ಬಂದಿದ್ಯೇನೋ, ಅದಕ್ಕೆ ಹೋಗಿ ಆಸಿಡ್ ಹಾಕ್ತೀಯಲ್ಲ?" ಅಂದರು. ತುಮಕೂರಿನವರಿಗೆ ಹೇಳಬೇಕಾ, ನಮ್ಮ ಎಪಿಎಂಸಿಗೆ ಬಂದು ಬೀಳುವ ಹುಣಸೆಹಣ್ಣಿನ ರಾಶಿ ಎಷ್ಟು ಅಂತ! ನಾನು ನಕ್ಕೆ. ಈಗ ಯೋಚಿಸಿದರೆ ಅಮ್ಮನ ಮಾತು ಅರ್ಧಕ್ಕಿಂತ ಜಾಸ್ತಿ ಸರಿ ಇತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮುಚ್ಚಳದ ಗಾಳಿ ತೂತಿನಿಂದ ನೊರೆ ಉಕ್ಕಿ ಟ್ಯಾಂಕ್‌ನ ಎಡಗಡೆ ಇಳಿದಿತ್ತು. ಇಳಿದಷ್ಟು ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕ್ ತಳದ ನಲ್ಲಿ, ಬಿಚ್ಚಿಟ್ಟಿರಲಿಲ್ಲ. ಅದು ಸತು ಬೆರೆತ ಲೋಹದ್ದು, ಆಸಿಡ್ ಅದನ್ನು ಸಕ್ಕರೆ ಅಚ್ಚಿನ ಹಾಗೆ ಕರಗಿಸಿತ್ತು. ಇನ್ನೊಂದು ವಿಷಯ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಈ ಆಸಿಡ್ ಕಬ್ಬಿಣವನ್ನೋ ಸತುವನ್ನೋ ತಿನ್ನುವಾಗ ಹೈಡ್ರೋಜನ್ ಬರುತ್ತದೆ, ಅದು ಬೆಂಕಿ ಕಂಡರೆ ಹತ್ತಿಕೊಳ್ಳುವ ಗಾಳಿ. ಟ್ಯಾಂಕ್‌ನಲ್ಲಿ ಉಳಿದ ಪೆಟ್ರೋಲ್ ಆವಿ ಬೇರೆ. ಅಪ್ಪ ಬೀಡಿ ಬಿಟ್ಟು ಎರಡು ವರ್ಷ ಆಗಿತ್ತು, ಪುಣ್ಯ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ದಡ್ಡತನ. ಆಸಿಡ್ ಎಲ್ಲ ಬಚ್ಚಲಿಗೆ ಸುರಿದೆ. ವಾಸನೆ ತಡೆಯಲಾರದೆ ಅಮ್ಮ ಅದರ ಮೇಲೆ ಬ್ಲೀಚಿಂಗ್ ಪೌಡರ್ ಎರಚಿದರು. ಅವರ ತಪ್ಪಲ್ಲ, ನಾನು ಹೇಳಿಯೇ ಇರಲಿಲ್ಲ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಅದು ವಿಷ. ಅಮ್ಮನ ಕೆಮ್ಮು ಕೇಳಿ ಓಡಿಹೋಗಿ ಹೊರಗೆ ಎಳೆದುಕೊಂಡು ಬಂದೆ. ಕಣ್ಣು ಕೆಂಡ, ಉಸಿರು ಸಿಗುತ್ತಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಸಂಜೆಯವರೆಗೆ ಇಟ್ಟುಕೊಂಡರು. ಬಾಕಿ ಎಲ್ಲ ದುಡ್ಡಿನ ಮಾತು, ಆದರೆ ಇದನ್ನು ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ.

ಮಾರನೇ ದಿನ ಟ್ಯಾಂಕ್ ತೊಳೆದು ಬಿಸಿಲಿಗಿಟ್ಟೆ. ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಸಂಜೆ ಟಾರ್ಚ್ ಬಿಟ್ಟು ನೋಡಿದರೆ ಮತ್ತೆ ಒಳಗೆಲ್ಲ ಅರಿಶಿನ ಕುಂಕುಮ ಬಳಿದ ಹಾಗೆ! ಆಸಿಡ್ ತಿಂದು ಬರಿದಾದ ಕಬ್ಬಿಣಕ್ಕೆ ನೀರು ಗಾಳಿ ಸೋಕಿದರೆ ಕೆಲವೇ ಗಂಟೆಯಲ್ಲಿ ಹೊಸ ತುಕ್ಕು ಬರುತ್ತದೆ. ಗಾಬರಿಯಾಗಿ ಟೂ ಸ್ಟ್ರೋಕ್ ಆಯಿಲ್ ಹಾಕಿ ಆಡಿಸಿದೆ. ಆಗ ಕಂಡಿದ್ದು, ತಳದ ಬೆಸುಗೆ ಪಕ್ಕ ಮೂರು ಕಡೆ ಆಯಿಲ್ ಬೆವರುತ್ತಿದೆ.

ಅಂತರಸನಹಳ್ಳಿ ಕಡೆ ಒಬ್ಬರು ವಯಸ್ಸಾದ ವೆಲ್ಡಿಂಗ್ ಮೇಸ್ತ್ರಿ ಇದ್ದಾರೆ. ಟ್ಯಾಂಕ್ ಕೈಗೆ ತಗೊಂಡು ಮೂಸಿ ನೋಡಿ ವಾಪಸ್ ಕೊಟ್ಟರು. "ಇದಕ್ಕೀಗ ಬೆಂಕಿ ತೋರಿಸಿದ್ರೆ ನಾನೂ ಇರಲ್ಲ, ನೀವೂ ಇರಲ್ಲ ಸ್ವಾಮಿ." ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ತುಂಬಿರುವುದು ಆವಿ ತಾನೇ. ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ತೊಳೆಸಿದರು. ಆಮೇಲೆ ಟ್ಯಾಂಕ್ ತುಂಬ ನೀರು ಹಾಕಿ, ತೂತಿರುವ ಜಾಗ ಮಾತ್ರ ನೀರಿನಿಂದ ಮೇಲಿರುವ ಹಾಗೆ ಓರೆ ಇಟ್ಟುಕೊಂಡರು. ಹಚ್ಚುವ ಮೊದಲು ತೂತಿನ ಸುತ್ತ ಸ್ಕ್ರೂಡ್ರೈವರ್‌ನಲ್ಲಿ ಕೆರೆದರು. ತಗಡು ಹಪ್ಪಳದ ಹಾಗೆ ಪುಡಿಯಾಯಿತು. "ಇಷ್ಟು ದಿನ ಪೆಟ್ರೋಲ್ ಹಿಡ್ಕೊಂಡಿದ್ದು ತುಕ್ಕೇ ಸ್ವಾಮಿ, ಅದನ್ನೇ ಕಿತ್ತು ಹಾಕ್ಬಿಟ್ರಲ್ಲ" ಅಂದರು. ಹಿತ್ತಾಳೆ ಕಡ್ಡಿಯಲ್ಲಿ ಬೆಸೆದು ಕೊಟ್ಟರು. ಅದು ಇವತ್ತಿಗೂ ಗಟ್ಟಿಯಾಗಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್, ಹೆಸರು ಬೇಡ, "ಒಳಗೆ ಕೋಟಿಂಗ್ ಹೊಡೆದರೆ ಇನ್ನು ಇಪ್ಪತ್ತು ವರ್ಷ ತಲೆಬಿಸಿ ಇಲ್ಲ" ಅಂದ. ಒಂದೇ ಗಂಟೆಯಲ್ಲಿ ಮುಗಿಸಿ ಕೊಟ್ಟ. ಕೋಟಿಂಗ್ ಹಿಡಿಯಬೇಕಾದರೆ ಒಳಗೆ ತುಕ್ಕು, ಜಿಡ್ಡು, ತೇವ ಮೂರೂ ಇರಬಾರದು. ನಮ್ಮ ಟ್ಯಾಂಕ್‌ನಲ್ಲಿ ಮೂರೂ ಇದ್ದವು. ಎರಡು ವಾರಕ್ಕೆ ಅದು ಹಾಲಿನ ಕೆನೆ ಹಾಗೆ ಏಳಲು ಶುರುವಾಯಿತು. ನನಗೆ ಗೊತ್ತಾಗಲಿಲ್ಲ.

ಭಾನುವಾರ ದೇವರಾಯನದುರ್ಗಕ್ಕೆ ಹೊರಟಿದ್ದೆ. ನಾಮದ ಚಿಲುಮೆ ದಾಟಿ ಏರು ಶುರುವಾದಾಗ ಗಾಡಿ ಎಳೆಯುವುದು ಕಮ್ಮಿಯಾಯಿತು. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತ ಗೊತ್ತಾಯಿತು, ಆದರೂ ಆಕ್ಸಿಲರೇಟರ್ ತಿರುಗಿಸಿದೆ. ಫೋರ್ ಸ್ಟ್ರೋಕ್ ಗಾಡಿಯಾಗಿದ್ದರೆ ಸುಮ್ನೆ ಆಫ್ ಆಗುತ್ತಿತ್ತು. ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಬರುತ್ತದೆ. ಪೆಟ್ರೋಲ್ ಸೋಸುವ ಜಾಲರಿಗೆ ಕೋಟಿಂಗ್ ಚೂರು ಅಡ್ಡ ಕೂತು ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ. ಪಿಸ್ಟನ್ ಕಾದು ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಕಿರ್ ಅಂತ ಒಂದು ಶಬ್ದ ಬಂತು, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಜಾರಿತು. ಕ್ಲಚ್ ಹಿಡಿಯಬೇಕು ಅಂತ ಹೇಗೆ ಹೊಳೆಯಿತೋ ಗೊತ್ತಿಲ್ಲ, ಅದರಿಂದ ಉಳಿದೆ. ಹಿಂದೆ ಬಸ್ ಬರುತ್ತಿರಲಿಲ್ಲ, ಅದೂ ಒಂದು. ಕಿಕ್ಕರ್ ಒದ್ದರೆ ಕಲ್ಲು ಒದ್ದ ಹಾಗೆ. ಲಗೇಜ್ ಆಟೋದಲ್ಲಿ ಹಾಕಿಕೊಂಡು ವಾಪಸ್ ಬಂದೆ. ರೀಬೋರ್ (ಸಿಲಿಂಡರ್ ಒಳಗೆ ಮತ್ತೆ ಕೊರೆಸುವುದು), ಹೊಸ ಪಿಸ್ಟನ್, ರಿಂಗ್, ಲೇತ್ ಕೂಲಿ. ದುಡ್ಡು ಹೋಗಿದ್ದು ಹೆಚ್ಚಾಗಿ ಇದಕ್ಕೇ.

ಅಪ್ಪ ಬೈಯಲಿಲ್ಲ. "ನನ್ನನ್ನ ಒಂದ್ ಮಾತು ಕೇಳಬಹುದಿತ್ತಲ್ಲೋ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಕೋಟಿಂಗ್ ಪೂರ್ತಿ ಕೀಳಿಸಿ ಎರಡನೇ ಸಲ ಮಾಡಿದ್ದು ಹೀಗೆ. ಮೊದಲು ಒಳಗೆ ನೋಡಿದೆವು. ತಂತಿ ಕಟ್ಟಿದ ಚಿಕ್ಕ ಎಲ್‌ಇಡಿ ಇಳಿಬಿಟ್ಟು ನೋಡಿದರೆ ಎಲ್ಲಾ ಕಾಣುತ್ತದೆ. ಆವಿ ಇರುವ ಟ್ಯಾಂಕ್‌ಗೆ ಇಳಿಸಬೇಡಿ, ಸೋಪು ನೀರಲ್ಲಿ ತೊಳೆದು ವಾಸನೆ ಹೋದಮೇಲೆ. ತುಕ್ಕು ಪುಡಿಯ ಹಾಗಿದ್ದರೆ ಸರಿ, ಪದರ ಪದರ ಎದ್ದಿದ್ದರೆ ಮೊದಲು ಬೆಸುಗೆಯವರ ಹತ್ತಿರ ಹೋಗಿ. ಕಾಕ್ ಬಿಚ್ಚಿ, ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ. ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿ ಮಾಡದೆ ಒಂದು ದಿನ ಬಿಡಿ, ನಡುವೆ ಎರಡು ಮೂರು ಸಲ ನೋಡುತ್ತಿರಿ. ವಾರಗಟ್ಟಲೆ ಬಿಟ್ಟರೆ ಇದೂ ಕಬ್ಬಿಣ ತಿನ್ನುತ್ತದೆ. ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಒಮ್ಮೆ ತೊಳೆದು, ಆ ಕ್ಷಣವೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಚಹಾ ಕುಡಿದು ಬಂದು ಒಣಗಿಸೋಣ ಅಂತ ಹೋಗಬೇಡಿ. ಒಣಗಿದ ತಕ್ಷಣ ಟೂ ಸ್ಟ್ರೋಕ್ ಆಯಿಲ್ ಸ್ವಲ್ಪ ಹಾಕಿ ಎಲ್ಲಾ ಕಡೆ ಆಡಿಸಿ. ಇದಕ್ಕೆ ಆದ ಖರ್ಚು ಆಸಿಡ್‌ಗಿಂತ ಜಾಸ್ತಿಯೇ, ಸುಮಾರು 300 ರೂಪಾಯಿ. ಪೈಪ್ ಮಧ್ಯೆ ಒಂದು ಚಿಕ್ಕ ಫಿಲ್ಟರ್ ಕೂಡ ಹಾಕಿದ್ದೇನೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಆಯಿಲ್ ಸವರಿಡುತ್ತೇನೆ, ಅರ್ಧ ಮಾತ್ರ ಬಿಡುವುದಿಲ್ಲ.

ಗಾಡಿ ಈಗ ಓಡುತ್ತಿದೆ. ಬದಲಿ ಹಾಕಿದ ಪೆಟ್ರೋಲ್ ಕಾಕ್ ಮಾತ್ರ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ, ಸದ್ಯಕ್ಕೆ ಟ್ಯಾಂಕ್ ಬರಿದು ಮಾಡಿಯೇ ಶೆಡ್ಡಿಗೆ ಹಾಕುತ್ತಿದ್ದೇನೆ. ತುಮಕೂರು, ಗುಬ್ಬಿ, ಸಿರಾ ಕಡೆ ಯಾರ ಹತ್ತಿರವಾದರೂ ರೋಡ್‌ಕಿಂಗ್‌ನ ಹಳೇ ಕಾಕ್ ಒಳ್ಳೆಯದು ಇದ್ದರೆ ತಿಳಿಸಿ, ಬಂದು ತಗೊಂಡು ಹೋಗುತ್ತೇನೆ.