‘ಪಿಸಿಓಎಸ್ ಸ್ಪೆಷಲ್’ ಯೋಗ ಕ್ಲಾಸು: ತೂಕ ಇಳಿಯಲಿಲ್ಲ, ಆದರೂ ಬಿಟ್ಟಿಲ್ಲ

ನಮ್ಮ ಬಡಾವಣೆಯ ಈ ಬ್ಯಾಚಿಗೆ ಸೇರಿ ಎರಡು ವರ್ಷ ದಾಟಿತು. ಮೊದಲೇ ಹೇಳಿಬಿಡ್ತೀನಿ, ಬೋರ್ಡಿನಲ್ಲಿ ‘ಮೂರು ತಿಂಗಳಲ್ಲಿ ಗುಣ’ ಅಂತ ಹಾಕಿದಾರಲ್ಲ, ಅದನ್ನ ನಂಬಬೇಡಿ. ಪಿಸಿಓಎಸ್ ಅಂದ್ರೆ ಹೆಂಗಸರಲ್ಲಿ ಹಾರ್ಮೋನು ಏರುಪೇರಾಗಿ ಮುಟ್ಟು ಹಿಂದೆಮುಂದೆ ಆಗೋ ತೊಂದರೆ. ಅದು ಹತೋಟಿಗೆ ಬರುತ್ತೆ, ಪೂರ್ತಿ ಬಿಟ್ಟುಹೋಗಲ್ಲ. ಇದಕ್ಕೆ ಡಾಕ್ಟರು ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಿ ಅಂತಲೂ ಇಲ್ಲಿ ಹೇಳ್ತಾರೆ. ನಾನು ನಿಲ್ಲಿಸಿಲ್ಲ. ಮಾತ್ರೆ ವಿಷಯ ಡಾಕ್ಟರಿಗೆ ಬಿಟ್ಟಿದ್ದು.

ಕ್ಲಾಸು ಒಂದು ಗಂಟೆ. ನಿಧಾನವಾಗಿ ಸೂರ್ಯನಮಸ್ಕಾರ, ಆಮೇಲೆ ಭುಜಂಗಾಸನ, ಧನುರಾಸನ, ಸೇತುಬಂಧಾಸನ, ಬದ್ಧಕೋಣಾಸನ. ಕೊನೆಗೆ ನಾಡಿಶೋಧನ, ಭ್ರಾಮರಿ, ಶವಾಸನ. ಬದ್ಧಕೋಣಾಸನದಲ್ಲಿ ಮೊದಮೊದಲು ನನ್ನ ಮಂಡಿ ನೆಲದಿಂದ ಒಂದು ಗೇಣು ಮೇಲೇ ನಿಂತುಬಿಡ್ತಿತ್ತು. ಟೀಚರ್ ಒತ್ತಲಿಲ್ಲ. ಎರಡೂ ತೊಡೆ ಕೆಳಗೆ ಜಮಖಾನ ಮಡಚಿಟ್ಟು, “ಉಸಿರು ಬಿಡ್ತಾ ಹೋಗಮ್ಮ, ತಾನಾಗೇ ಇಳಿಯುತ್ತೆ” ಅಂದ್ರು. ಕಲಿಸೋ ವಿಷಯದಲ್ಲಿ ಅವರಿಗೆ ಪೂರ್ತಿ ಮಾರ್ಕ್ಸು.

ತೂಕ ಹೇಳಿಕೊಳ್ಳೋ ಹಾಗೇನೂ ಇಳಿದಿಲ್ಲ. ಇದಕ್ಕೇ ಬೇಜಾರಾಗಿದ್ದಾಗ ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರ ಒಂದು ಅಧ್ಯಯನ ಓದಿದೆ. ಆಂಧ್ರದ ವಸತಿ ಕಾಲೇಜಿನಲ್ಲಿ ಪಿಸಿಓಎಸ್ ಇದ್ದ 15ರಿಂದ 18 ವರ್ಷದ 90 ಹುಡುಗಿಯರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ಮಾಮೂಲಿ ವ್ಯಾಯಾಮ, ದಿನಕ್ಕೊಂದು ಗಂಟೆಯಂತೆ 12 ವಾರ ಮಾಡಿಸಿದ್ರು. ತೂಕದಲ್ಲಿ ಎರಡೂ ಗುಂಪಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಪಿಸಿಓಎಸ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ ಇರೋ ಟೆಸ್ಟೋಸ್ಟಿರೋನ್, ಎಎಂಎಚ್ ಅನ್ನೋ ಹಾರ್ಮೋನುಗಳು ಮಾತ್ರ ಯೋಗದವರಲ್ಲಿ ಹೆಚ್ಚು ಇಳಿದಿತ್ತು. ಹಾಸ್ಟೆಲ್ ಹುಡುಗಿಯರು, ಹೊತ್ತುಹೊತ್ತಿಗೆ ಊಟ, ಹೊತ್ತುಹೊತ್ತಿಗೆ ಕ್ಲಾಸು. ಆಫೀಸು, ಅಡುಗೆಮನೆ ಅಂತ ಓಡೋ ನನ್ನಂಥ ಮೂವತ್ತು ದಾಟಿದೋಳಿಗೆ ಅದೇ ಲೆಕ್ಕ ಹಾಕಕ್ಕಾಗಲ್ಲ, ನಿಜ. ಆದರೂ ತಕ್ಕಡಿ ನೋಡೋದು ಬಿಟ್ಟೆ.

ಎರಡು-ಮೂರು ತಿಂಗಳಿಗೊಮ್ಮೆ ಬರ್ತಿದ್ದ ಮುಟ್ಟು ಈಗ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಆಗ್ತಿದೆ. ಯೋಗದಿಂದಲೋ, ಮಾತ್ರೆಯಿಂದಲೋ, ರಾತ್ರಿ ಊಟ ಬೇಗ ಮಾಡೋದ್ರಿಂದಲೋ, ಬಿಡಿಸಿ ಹೇಳೋದು ಕಷ್ಟ. ನಿದ್ದೆ ಮಾತ್ರ ಯೋಗದ್ದೇ ಪುಣ್ಯ. ಒಂದು ವಾರ ತಪ್ಪಿಸಿದ್ರೆ ಮತ್ತೆ ಅದೇ ಹೊರಳಾಟ. ಪಿಸಿಓಎಸ್‌ನಿಂದ ಬಂದ ಗಲ್ಲದ ಕೂದಲು ಎಲ್ಲೂ ಹೋಗಿಲ್ಲ, ಪಾರ್ಲರಿನ ಖರ್ಚೂ ಇದ್ದೇ ಇದೆ.

ಪಿಸಿಓಎಸ್ ಬಗ್ಗೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇಂಥದ್ದೇ ವ್ಯಾಯಾಮ ಮೇಲು ಅಂತೇನಿಲ್ಲ, ಬಿಡದೆ ಮಾಡಕ್ಕಾಗೋದನ್ನ ಮಾಡಿ ಅನ್ನೋದೇ ಅದರ ಧಾಟಿ. ನಡಿಗೆ ಒಗ್ಗಿದೋರು ನಡೀರಿ. ನನಗೆ ಒಗ್ಗಿದ್ದು ಇದು, ಅಷ್ಟೇ.

ಕಿರಿಕಿರಿ ಅಂದ್ರೆ ಕ್ಲಾಸು ಮುಗಿದ ಮೇಲಿನ ವ್ಯಾಪಾರ. ‘ಹಾರ್ಮೋನ್ ಡಿಟಾಕ್ಸ್’ ಅಂತ ಒಂದು ಪುಡಿ ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿರ್ತಾರೆ. ಒಳಗೇನಿದೆ ಅಂತ ಡಬ್ಬಿ ಮೇಲೆ ಒಂದಕ್ಷರ ಇಲ್ಲ. ಬ್ಯಾಚಲ್ಲಿ ಜನವೂ ಜಾಸ್ತಿ, ಸಂಜೆ ಕೈ ಚಾಚಿದ್ರೆ ಪಕ್ಕದೋರಿಗೆ ತಗಲುತ್ತೆ.

ಐದಕ್ಕೆ ಮೂರೂವರೆ. ಸೇರೋ ಹಾಗಿದ್ರೆ ಬೆಳಗ್ಗೆ ಬ್ಯಾಚು ಕೇಳಿ, ಪುಡಿ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ.